ಹಳೆ ಪಿಎಫ್ ಖಾತೆಗಳ ಚಿಲ್ಲರೆ ದುಡ್ಡು: ತೆಗೆಯಲಾ, ಸೇರಿಸಲಾ?

ಮೂರನೇ ಕೆಲಸದಲ್ಲಿದ್ದೀರಿ, ಹಳೆ ಎರಡು ಪಿಎಫ್ ಖಾತೆಗಳಲ್ಲಿ 18 ಸಾವಿರ, 42 ಸಾವಿರ ಉಳಿದಿದೆ, ತೆಗೆದುಬಿಡಲಾ ಅಂತ ಕೇಳಿದ್ದೀರಿ. ಬೇಡ. ಈಗಿನ ಖಾತೆಗೆ ಸೇರಿಸಿ.

ಯುಎಎನ್ (ಕೆಲಸ ಬದಲಾದರೂ ಬದಲಾಗದ ನಿಮ್ಮ ಪಿಎಫ್ ನಂಬರ್) ಒಂದೇ ಆದರೆ ದುಡ್ಡೂ ಒಂದೇ ಕಡೆ ಇದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಹಾಗೇನಿಲ್ಲ. ಪ್ರತಿ ಕಂಪನಿಗೂ ಬೇರೆ ಮೆಂಬರ್ ಐಡಿ, ಬೇರೆ ಪಾಸ್‌ಬುಕ್ ಇರುತ್ತದೆ. ಸೇರಿಸಿದಾಗ ಹಳೆ ಕೆಲಸದ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ. ಅಸಲಿ ಲಾಭ ಅದೇ. 5 ವರ್ಷದ ಸೇವೆ ಆಗುವ ಮುಂಚೆ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ. ತಿಂಗಳ ಪಿಂಚಣಿ ಬೇಕಂದ್ರೆ 10 ವರ್ಷ ಆಗಿರಬೇಕು.

ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒದ ಮೆಂಬರ್ ಪೋರ್ಟಲ್‌ನಲ್ಲಿ 'ಒನ್ ಮೆಂಬರ್ ಒನ್ ಇಪಿಎಫ್ ಅಕೌಂಟ್' ಅಂತ ಇದೆ, ಅಲ್ಲಿ ಅರ್ಜಿ ಹಾಕಿ. ಅದಕ್ಕೂ ಮುಂಚೆ ಹಳೆ ಕಂಪನಿ ಬಿಟ್ಟ ದಿನಾಂಕ ದಾಖಲಾಗಿದೆಯಾ ನೋಡಿ. ನನ್ನ ಅರ್ಜಿ ನಿಂತಿದ್ದು ಅಲ್ಲೇ! ಆ ಖಾನೆ ಖಾಲಿ ಇತ್ತು. ಕೊನೆಯ ಪಿಎಫ್ ಕಂತು ಬಿದ್ದು ಎರಡು ತಿಂಗಳಾಗಿದ್ದರೆ ದಿನಾಂಕವನ್ನು ನೀವೇ ತುಂಬಬಹುದು, ಎಚ್‌ಆರ್ ಹಿಂದೆ ಸುಮ್ನೆ ಅಲೆಯಬೇಕಿಲ್ಲ.

ವರ್ಗಾವಣೆ ಆದ ಮೇಲೆ ಹೊಸ ಪಾಸ್‌ಬುಕ್‌ನಲ್ಲಿ ಪಿಂಚಣಿ ಕಾಲಂ ಎದುರು ಸೊನ್ನೆ ಕಂಡರೆ ಗಾಬರಿಯಾಗಬೇಡಿ. ಪಿಂಚಣಿ ಭಾಗದಲ್ಲಿ ದುಡ್ಡಲ್ಲ, ಸೇವೆಯ ಅವಧಿ ಮಾತ್ರ ಮುಂದಕ್ಕೆ ಹೋಗುತ್ತದೆ.