ಕೆಫೀರ್ ಅನ್ನು ಮನೆಯಲ್ಲೇ ಮಾಡುವುದು ಹೇಗೆ? ಮೊಸರಿನ ಹೆಪ್ಪಿನಿಂದ ಅದು ಸಾಧ್ಯವೇ?

ಮೊಸರಿನ ಹೆಪ್ಪಿನಿಂದ ಸಾಧ್ಯವಿಲ್ಲ. ಕಾಕಸಸ್ ಪರ್ವತ ಪ್ರದೇಶದಿಂದ ಬಂದ, ಹಾಲನ್ನು ಹುಳಿಯಾಗಿಸಿ ಮಾಡುವ ಈ ಪಾನೀಯಕ್ಕೆ ಕೆಫೀರ್ ಕಾಳುಗಳೇ ಬೇಕು. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮತ್ತು ಯೀಸ್ಟ್‌ಗಳು ಒಟ್ಟಾಗಿ ಬೆಳೆದು ಕಟ್ಟಿಕೊಂಡ, ಹೂಕೋಸಿನ ಚೂರುಗಳಂತೆ ಕಾಣುವ ಮೆತ್ತನೆಯ ಗಂಟುಗಳಿವು. ಈಗಾಗಲೇ ಕೆಫೀರ್ ಮಾಡುತ್ತಿರುವವರಿಂದ ಇವನ್ನು ಪಡೆಯುವುದೇ ಉತ್ತಮ, ಏಕೆಂದರೆ ಕಾಳುಗಳು ಬೆಳೆಯುತ್ತಲೇ ಇರುವುದರಿಂದ ಅವರ ಬಳಿ ಹೆಚ್ಚುವರಿ ಇದ್ದೇ ಇರುತ್ತದೆ.

ಕಾಯಿಸಿ ಪೂರ್ತಿ ಆರಿಸಿದ ಅರ್ಧ ಲೀಟರ್ ಹಾಲಿಗೆ ಒಂದು ದೊಡ್ಡ ಚಮಚ ಕಾಳು ಸಾಕು. ಗಾಜಿನ ಜಾಡಿಯಲ್ಲಿ ಹಾಕಿ, ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ. ಯೀಸ್ಟ್ ಇಂಗಾಲದ ಡೈಆಕ್ಸೈಡ್ ಬಿಡುವುದರಿಂದ ಮುಚ್ಚಳವನ್ನು ಬಿಗಿಯಾಗಿ ಹಾಕಬಾರದು. ಮೊಸರಿಗೆ ಬೇಕಾಗುವ ಉಗುರುಬೆಚ್ಚಗಿನ ಹಾಲು ಇಲ್ಲಿ ಬೇಡ, 20ರಿಂದ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯೇ ಹಿತ. ಆ ಉಷ್ಣತೆಯಲ್ಲಿ ಸುಮಾರು 24 ಗಂಟೆ ಹಿಡಿಯುತ್ತದೆ, ಆದರೆ ರಾಯಚೂರು, ಕಲಬುರಗಿಯಂಥ ಊರುಗಳ ಬೇಸಿಗೆಯಲ್ಲಿ ಇದಕ್ಕಿಂತ ಬಹಳ ಬೇಗನೆ ಹುಳಿಯಾಗುವುದರಿಂದ ಗಡಿಯಾರವನ್ನಲ್ಲ, ಹಾಲನ್ನೇ ನೋಡಬೇಕು: ಅದು ಗಟ್ಟಿಯಾಗಿ, ಜಾಡಿಯ ಅಂಚಿನಲ್ಲಿ ಹಾಲೊಡಕಿನ ಗೆರೆ ಕಾಣಿಸಿಕೊಂಡಾಗ ಸೋಸಿ ಫ್ರಿಜ್‌ನಲ್ಲಿಡಿ. ಕಾಳುಗಳನ್ನು ತೊಳೆಯದೆ ನೇರವಾಗಿ ಹೊಸ ಹಾಲಿಗೆ ಹಾಕಿ. ಕ್ಲೋರಿನ್ ಇರುವ ನಲ್ಲಿ ನೀರು ಅವುಗಳಿಗೆ ಹಾನಿ ಮಾಡಬಲ್ಲದು.

ಅಲ್ಯೂಮಿನಿಯಂ, ತಾಮ್ರದ ಪಾತ್ರೆಗಳು ಬೇಡ. ಸ್ಟೀಲ್ ಜರಡಿಯಿಂದ ತೊಂದರೆಯಿಲ್ಲ. ಗುಲಾಬಿ ಅಥವಾ ಕಪ್ಪು ಬಣ್ಣದ ಬೂಸ್ಟು ಕಂಡರೆ ಕಾಳುಗಳ ಸಮೇತ ಎಲ್ಲವನ್ನೂ ಎಸೆದುಬಿಡಿ. ಕೆಫೀರ್‌ನಲ್ಲಿ ಅಲ್ಪ ಪ್ರಮಾಣದ ಆಲ್ಕೊಹಾಲ್ ಸಹಜವಾಗಿಯೇ ಉಂಟಾಗುತ್ತದೆ ಎಂಬುದು ಅದನ್ನು ಸಂಪೂರ್ಣ ವರ್ಜಿಸಿದವರಿಗೆ ತಿಳಿದಿರಬೇಕು, ಮತ್ತು ರೋಗನಿರೋಧಕ ಶಕ್ತಿ ಕುಗ್ಗಿರುವವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.