ಈಸೂರಿನವರಿಗೆ ಭಾರತ ಎಲ್ಲಿಂದ ಬಂತು?

ಪ್ರಶ್ನೆ: ನಮ್ಮ ಕಡೆ ಆಗಸ್ಟ್ 15 ಬಂತೆಂದರೆ, 1942ರಲ್ಲಿ ಬಾವುಟ ಹಾರಿಸಿ ಸರ್ಕಾರಕ್ಕೆ ತಿರುಗಿಬಿದ್ದ ನಮ್ಮ ತಾಲ್ಲೂಕಿನ ಈಸೂರಿನ ಕಥೆ ಹೇಳದೆ ಭಾಷಣ ಮುಗಿಯುವುದಿಲ್ಲ. ನನಗೊಂದು ಅನುಮಾನ. ನಾವಿದ್ದದ್ದು ಮೈಸೂರು ಮಹಾರಾಜರ ರಾಜ್ಯದಲ್ಲಿ. ಹಳ್ಳಿಗಳಲ್ಲಿ ಬ್ರಿಟಿಷರ ಮುಖ ನೋಡಿದವರೇ ಕಡಿಮೆ. ಹಾಗಿದ್ದ ಮೇಲೆ ಆ ರೈತರಿಗೆ ‘ನಾವು ಭಾರತೀಯರು’ ಅಂತ ಅನ್ನಿಸಿದ್ದು ಹೇಗೆ? ರಾಷ್ಟ್ರೀಯತೆ ಯುರೋಪಿನಿಂದ ಬಂದ ಸರಕು ಅಂತ ನಮ್ಮ ಮೇಷ್ಟ್ರು ಹೇಳುತ್ತಾರೆ, ನಿಜವಾ?
– ಓದುಗರೊಬ್ಬರು, ಶಿಕಾರಿಪುರ ತಾಲ್ಲೂಕು

ಉತ್ತರ: ಮೇಷ್ಟ್ರು ಹೇಳಿದ್ದು ಅರ್ಧ ಸರಿ. ದೇಶ ಅಂದರೆ ರಾಜನ ಆಸ್ತಿಯಲ್ಲ, ಜನರದು ಅನ್ನುವ ಮಾತಿಗೆ ಬಲ ಬಂದದ್ದು 1789ರ ಫ್ರಾನ್ಸ್ ಕ್ರಾಂತಿಯಿಂದ. ಇಟಲಿ ಒಂದು ರಾಜ್ಯವಾದದ್ದು 1861ರಲ್ಲಿ, ಜರ್ಮನಿ 1871ರಲ್ಲಿ. ಅಲ್ಲೂ ಅದೇನು ತೀರಾ ಹಳೇ ಸಂಗತಿಯಲ್ಲ. ಆದರೆ ಈಸೂರು ಅರ್ಥವಾಗಬೇಕಾದರೆ ನಮ್ಮದೇ ಜಿಲ್ಲೆಯ ಇನ್ನೊಂದು ಊರನ್ನು ನೋಡಬೇಕು. ಹೊಸನಗರ ತಾಲ್ಲೂಕಿನ ನಗರ.

1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಇಂತಿಷ್ಟು ವಸೂಲಿ ಮಾಡಿಕೊಡುತ್ತೇವೆ ಎಂದು ಕರಾರು ಮಾಡಿಕೊಂಡು ಬಂದ ಮಹಾರಾಜರ ಅಧಿಕಾರಿಗಳು ಕಂದಾಯಕ್ಕಾಗಿ ಜನರ ಜೀವ ಹಿಂಡುತ್ತಿದ್ದರು. ಊರೂರಿನವರು ಕೂಟ ಸೇರಿ, ಕಂದಾಯ ಕಟ್ಟುವುದಿಲ್ಲ ಅಂದರು. ಸರಿ, ಮುಂದೆ ಯಾರ ಹೆಸರು ಹೇಳಿಕೊಂಡು ಹೊರಡುವುದು? ಹಿಂದೆ ಆ ಸೀಮೆಯನ್ನು ಆಳಿದ್ದ ಕೆಳದಿ ಅರಸರ ಹೆಸರು! ಆ ರಾಜ್ಯ 1763ರಲ್ಲೇ ಹೈದರಾಲಿಯ ಪಾಲಾಗಿತ್ತು, ಆದರೂ ತಾನು ಅದೇ ಮನೆತನದವನು ಎಂದುಕೊಂಡ ಬೂದಿ ಬಸವಪ್ಪನೇ ಮುಂದಾಳಾದ. ಇದೇ ದಂಗೆಯನ್ನು ಮುಂದಿಟ್ಟುಕೊಂಡು ಬ್ರಿಟಿಷರು 1831ರಲ್ಲಿ ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು, 1881ರವರೆಗೆ ಬಿಡಲಿಲ್ಲ. ಸಿಟ್ಟಿತ್ತು, ಒಗ್ಗಟ್ಟೂ ಇತ್ತು. ಆದರೆ ಕೂಗಲು ಸಿಕ್ಕ ಹೆಸರು ಹಳೇ ಅರಸರದ್ದು.

ಆಮೇಲಿನ ನೂರು ವರ್ಷದಲ್ಲಿ ಶಾಲೆ ಬಂತು, ಪತ್ರಿಕೆ ಬಂತು, ಶಿವಮೊಗ್ಗಕ್ಕೆ ರೈಲೂ ಬಂತು. 1927ರಲ್ಲಿ ಗಾಂಧೀಜಿಯೇ ಸಾಗರದವರೆಗೆ ಬಂದು ಹೋದರು (ಅಷ್ಟು ಹತ್ತಿರವಿದ್ದರೂ ಜೋಗ ನೋಡಲು ಮಾತ್ರ ಹೋಗಲಿಲ್ಲ, ಆ ಮಹಾನುಭಾವ!). ಬೇರೆ ಕಡೆಯ ಜನರಿಗೂ ನಮ್ಮಂಥದೇ ಕಷ್ಟ ಇದೆ ಅನ್ನೋದು ಗೊತ್ತಾದದ್ದು ಹೀಗೆ. ಇನ್ನು ಮಹಾರಾಜರ ವಿಷಯ. 1938ರಲ್ಲಿ ಮದ್ದೂರಿನ ಹತ್ತಿರ ಶಿವಪುರದಲ್ಲಿ ರಾಷ್ಟ್ರಧ್ವಜ ಹಾರಿಸಲು ಹೋದವರನ್ನು ಹಿಡಿದದ್ದು ಮೈಸೂರಿನ ಪೊಲೀಸರೇ. ಅರಮನೆ ಬೇರೆ, ದೇಶ ಬೇರೆ ಅಂತ ಜನರಿಗೆ ಅರ್ಥವಾಗಲು ಬಿಳಿಯರ ಮುಖ ನೋಡಲೇಬೇಕು ಅಂತೇನಿರಲಿಲ್ಲ.

ಈಗ 1942ಕ್ಕೆ ಬನ್ನಿ. ಈಸೂರಿನವರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು, ಸರಿ. ಜೊತೆಗೇ ಮಾಡಿದ ಇನ್ನೊಂದು ಕೆಲಸ ನೋಡಿ: ಕಂದಾಯದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು. ತಮ್ಮದೇ ಅಮಲ್ದಾರ (ಈಗಿನ ತಹಶೀಲ್ದಾರರಂತೆ), ತಮ್ಮದೇ ಸಬ್ ಇನ್ಸ್‌ಪೆಕ್ಟರ್ ಎಂದು ಊರಿನ ಹುಡುಗರನ್ನು ನೇಮಿಸಿಕೊಂಡರು! ನಗರದ ಕೂಟದವರನ್ನು ಕಾಡಿದ ಅದೇ ಕಂದಾಯ, ಅದೇ ಅಧಿಕಾರಿಗಳ ದರ್ಬಾರು. ಬದಲಾಗಿದ್ದು ಹೆಸರು: ಹಳೇ ಅರಸರ ಜಾಗದಲ್ಲಿ ಈಗ ದೇಶದ ಬಾವುಟ. ಆದರೂ ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಅನ್ನುವ ಕೂಗಿನಲ್ಲಿ ಭಾರತದ ಮಾತೇ ಇಲ್ಲ, ಗಮನಿಸಿದ್ದೀರಾ? ಊರಿನ ಅಭಿಮಾನ ಬಿಟ್ಟು ದೇಶಾಭಿಮಾನ ಬರಲಿಲ್ಲ. ಊರಿನ ಮೇಲೇ ಬಂತು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಸರ್ಕಾರದ ಅಮಲ್ದಾರರು, ಸಬ್ ಇನ್ಸ್‌ಪೆಕ್ಟರು ಘರ್ಷಣೆಯಲ್ಲಿ ಸತ್ತರು, 1943ರ ಮಾರ್ಚ್‌ನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು.

ಹಾಗಾದರೆ ಬಾವುಟ ಬಂದ ಮೇಲೆ ಎಲ್ಲ ಸರಿಹೋಯಿತಾ ಅಂತ ನೀವು ಕೇಳಬಹುದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಭತ್ತ ಅಳೆಯುವ ಕೊಳಗದ ವಿಷಯಕ್ಕೆ ಜಮೀನಿನ ಒಡೆಯರ ವಿರುದ್ಧ ನಿಂತರು, ಅವರ ಬೆಂಬಲಕ್ಕೆ ಬಂದ ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂಧನಕ್ಕೊಳಗಾದರು. ಆಗ ಪೊಲೀಸರೂ ನಮ್ಮವರೇ, ಸರ್ಕಾರವೂ ನಮ್ಮದೇ. ಅದರ ಬಗ್ಗೆ ಯಾರಾದರೂ ಕೇಳಿದರೆ ಇನ್ನೊಮ್ಮೆ ಬರೆಯುತ್ತೇನೆ.