ಹೊರಡುವ ಮುಂಚೆ ಹುಡುಗ ಎಷ್ಟು ಆಡಿದ್ದ?

ಹಾಸನದಿಂದ ಪತ್ರ ಬರೆದ ದೈಹಿಕ ಶಿಕ್ಷಕರಿಗೆ ನಮಸ್ಕಾರ. ಮೇಷ್ಟ್ರೇ, ಆಸ್ಟ್ರೇಲಿಯಾದ ಫುಟ್‌ಬಾಲ್ ಆಟಗಾರ ನೆಸ್ಟರಿ ಇರಾಂಕುಂಡನ ಬಗ್ಗೆ ನಾವು ಹಾಕಿದ ಲೇಖನ ಓದಿ ನಿಮಗೆ ಸಿಟ್ಟು ಬಂದಿದೆ. ನೀವು ಹೇಳಿದ್ದು ಇಷ್ಟು: ಹದಿನೆಂಟು ತುಂಬಿದ ಕೂಡಲೇ ಒಳ್ಳೊಳ್ಳೆ ಹುಡುಗರನ್ನೆಲ್ಲ ಯುರೋಪಿಗೆ ಕಳಿಸಿಬಿಡುವ ಎ-ಲೀಗ್, ಅಂದರೆ ಆ ದೇಶದ ಮುಖ್ಯ ಫುಟ್‌ಬಾಲ್ ಲೀಗ್, ಒಂದು ಲೀಗೇ ಅಲ್ಲ, ಬರೀ ಸಸಿ ಮಾರುವ ನರ್ಸರಿ. 23 ವರ್ಷ ಆಗುವ ತನಕ ಯಾರನ್ನೂ ಹೊರಗೆ ಬಿಡಬಾರದು ಅಂತ ನಿಯಮ ಮಾಡಿದರೆ ಆಟಗಾರನೂ ಉಳಿಯುತ್ತಾನೆ, ಲೀಗೂ ಉಳಿಯುತ್ತದೆ, ಅಲ್ವಾ ಅಂತ ಕೇಳಿದ್ದೀರಿ.

ಅಲ್ಲ ಮೇಷ್ಟ್ರೇ. ವಯಸ್ಸಿನ ಮೇಲೆ ಕಟ್ಟು ಹಾಕಿದರೆ ಏನೂ ಬಗೆಹರಿಯುವುದಿಲ್ಲ. ಹೊರಡುವ ಮುಂಚೆ ಹುಡುಗ ಮನೆಯ ಲೀಗಿನಲ್ಲಿ ಎಷ್ಟು ಆಡಿದ್ದ, ಹೋದ ಕಡೆ ಅವನಿಗೆ ಎಷ್ಟು ಆಡಲು ಸಿಗುತ್ತದೆ, ನನಗೆ ಮುಖ್ಯ ಅನಿಸುವುದು ಇವೆರಡೇ.

ಗರಾಂಗ್ ಕುಯೋಲ್‌ನನ್ನೇ ನೋಡಿ. 2022ರ ಡಿಸೆಂಬರ್ 3, ಕತಾರ್ ವಿಶ್ವಕಪ್ಪಿನ ಹದಿನಾರರ ಸುತ್ತು. ಅರ್ಜೆಂಟೀನಾ 2, ಆಸ್ಟ್ರೇಲಿಯಾ 1. ಇಂಜುರಿ ಟೈಮೂ ಮುಗಿಯುತ್ತಾ ಬಂದಿದೆ. ಬಾಕ್ಸಿನೊಳಗೆ ಚೆಂಡು ಸಿಕ್ಕಿದ ಈ ಹದಿನೆಂಟರ ಹುಡುಗ ಗಕ್ಕನೆ ತಿರುಗಿ ಹೊಡೆದ. ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಹೇಗೋ ತಡೆದು ಚೆಂಡನ್ನು ಅಪ್ಪಿಕೊಂಡು ಬಿದ್ದ, ಅವನ ತಂಡದವರು ಹೋಗಿ ಅವನ ಮೇಲೆ ಬಿದ್ದರು. ಒಂದು ಅಡಿ ಆಚೀಚೆ ಆಗಿದ್ದರೆ ಮೆಸ್ಸಿಯ ವಿಶ್ವಕಪ್ ಕಥೆ ಎಲ್ಲಿಗೆ ಹೋಗುತ್ತಿತ್ತೋ. 1958ರ ಪೆಲೆ ಆದಮೇಲೆ ವಿಶ್ವಕಪ್ಪಿನ ನಾಕ್‌ಔಟ್ ಪಂದ್ಯ ಆಡಿದ ಅತಿ ಚಿಕ್ಕ ಹುಡುಗ ಅವನು. ಅಷ್ಟರಲ್ಲಾಗಲೇ ಇಂಗ್ಲೆಂಡಿನ ನ್ಯೂಕ್ಯಾಸಲ್ ಅವನ ಸಹಿ ಹಾಕಿಸಿಕೊಂಡಿತ್ತು. ಆದರೆ ತನ್ನ ಕ್ಲಬ್ ಸೆಂಟ್ರಲ್ ಕೋಸ್ಟ್ ಮ್ಯಾರಿನರ್ಸ್‌ಗೆ ಅವನು ಆಡಿದ್ದೆಲ್ಲ ಹೆಚ್ಚುಕಮ್ಮಿ ಬದಲಿ ಆಟಗಾರನಾಗಿ, ಕೊನೆಯ ಅರ್ಧ ಗಂಟೆ, ಇಪ್ಪತ್ತು ನಿಮಿಷ. ತೊಂಬತ್ತು ನಿಮಿಷ ಓಡಿ, ಸುಸ್ತಾಗಿ, ತಪ್ಪು ಮಾಡಿ, ಮುಂದಿನ ವಾರ ಮತ್ತೆ ಮೊದಲ ಹನ್ನೊಂದರಲ್ಲಿ ಇಳಿಯುವ ಅಭ್ಯಾಸವೇ ಆಗಿರಲಿಲ್ಲ. ಆಮೇಲೆ ಸ್ಕಾಟ್ಲೆಂಡಿನ ಹಾರ್ಟ್ಸ್‌ಗೆ ಲೋನ್ (ಅಂದರೆ ಸ್ವಲ್ಪ ಕಾಲಕ್ಕೆ ಎರವಲು), ನೆದರ್ಲೆಂಡ್ಸಿನ ವೊಲೆಂಡಾಮ್‌ಗೆ ಲೋನ್. ಒಂದು ಕಡೆ ನೆಲೆ ನಿಲ್ಲಲು ಆಗಲೇ ಇಲ್ಲ.

ಡೇನಿಯಲ್ ಅರ್ಜಾನಿಯದೂ ಇದೇ ದಾರಿ, ಅದು ಇನ್ನೂ ಹೊಟ್ಟೆ ಉರಿಸುತ್ತದೆ. 2018ರ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಚಿಕ್ಕವನು ಅವನೇ. ಅದೇ ವರ್ಷ ಮೆಲ್ಬರ್ನ್ ಸಿಟಿಯಿಂದ ಮ್ಯಾಂಚೆಸ್ಟರ್ ಸಿಟಿಗೆ ಹೋದ, ಅಲ್ಲಿಂದ ನೇರ ಸ್ಕಾಟ್ಲೆಂಡಿನ ಸೆಲ್ಟಿಕ್‌ಗೆ ಲೋನ್, ಅಲ್ಲಿ ಮೊದಲ ಪಂದ್ಯದಲ್ಲೇ ಮಂಡಿಯ ಲಿಗಮೆಂಟ್ ಹರಿಯಿತು. ಗಾಯ ಯಾರ ಕೈಯಲ್ಲೂ ಇಲ್ಲ, ಒಪ್ಪುತ್ತೇನೆ. ಆದರೆ ಅದಾದ ಮೇಲೆ ವರ್ಷಗಟ್ಟಲೆ ಲೋನ್ ಮೇಲೆ ಲೋನ್ ಅಂತ ಅಲೆದಿದ್ದು ಯಾಕೆ? ಅವನನ್ನು ಕೊಂಡ ಕ್ಲಬ್ಬಿನಲ್ಲಿ ಅವನಿಗೆ ಜಾಗ ಅಂತ ಒಂದು ಇರಲೇ ಇಲ್ಲವಲ್ಲ!

ನೀವು ನರ್ಸರಿ ಅಂದಿರಿ. ನಾನು ಗಾಸ್ಫರ್ಡ್ ಊರನ್ನು ತೋರಿಸುತ್ತೇನೆ. ಸಿಡ್ನಿಯಿಂದ ಉತ್ತರಕ್ಕೆ ರೈಲಿನಲ್ಲಿ ಹೋಗಿ ಬರಬಹುದಾದ ಸಣ್ಣ ಊರು ಅದು. ಕುಯೋಲ್ ಆಡಿದ ಮ್ಯಾರಿನರ್ಸ್ ಇದೇ ಊರಿನ ಕ್ಲಬ್. ಅವರ ಕ್ರೀಡಾಂಗಣದ ಒಂದು ಬದಿಗೆ ಸ್ಟ್ಯಾಂಡೇ ಇಲ್ಲ, ಗೋಲಿನ ಹಿಂದೆ ತಾಳೆಮರದ ಸಾಲು, ಅದರಾಚೆ ನೀರು. ದೊಡ್ಡ ಊರಿನ ಕ್ಲಬ್ಬುಗಳಷ್ಟು ದುಡ್ಡು ಅವರ ಹತ್ತಿರ ಇಲ್ಲ, ಹಾಗಾಗಿ ಹುಡುಗರನ್ನು ಆಡಿಸುತ್ತಾರೆ, ಆಡಿಸಲೇಬೇಕು. ಮ್ಯಾಟ್ ರಯಾನ್ ಅಲ್ಲಿ ಮೂರು ಸೀಸನ್ ಗೋಲು ಕಾದು, 2013ರಲ್ಲಿ ಚಾಂಪಿಯನ್ ಆಗಿ, ಆಮೇಲೆ ಬೆಲ್ಜಿಯಂನ ಕ್ಲಬ್ ಬ್ರೂಗೆಗೆ ಹೋದ. ಅಲ್ಲಿಂದ ವೆಲೆನ್ಸಿಯಾ, ಅಲ್ಲಿಂದ ಬ್ರೈಟನ್, ಕೊನೆಗೆ ದೇಶದ ನಾಯಕ. ಇಂಥವರನ್ನು ಮಾರಿಕೊಂಡೇ ಬಂದ ಈ ಕ್ಲಬ್ 2023ರ ಎ-ಲೀಗ್ ಫೈನಲ್‌ನಲ್ಲಿ ಮೆಲ್ಬರ್ನ್ ಸಿಟಿಗೆ 6-1ರಲ್ಲಿ ಹೊಡೆಯಿತು. ಮರುವರ್ಷ ಲೀಗಿನ ಅಗ್ರಸ್ಥಾನ, ಫೈನಲ್, ಏಷ್ಯಾದ ಕ್ಲಬ್ಬುಗಳ ಎಎಫ್‌ಸಿ ಕಪ್, ಮೂರನ್ನೂ ಗೆದ್ದಿತು. ಹುಡುಗರನ್ನು ಆಡಿಸಿ, ಬೆಳೆಸಿ, ಮಾರಿಯೂ ಗೆಲ್ಲಬಹುದು ಮೇಷ್ಟ್ರೇ. ಲೀಗ್ ಸಾಯುವುದಿಲ್ಲ.

ಜೋರ್ಡನ್ ಬಾಸ್ ಇನ್ನೊಬ್ಬ. ಮೆಲ್ಬರ್ನ್ ಸಿಟಿಯಲ್ಲಿ ಎಡ ಬದಿಯ ಜಾಗ ತನ್ನದು ಮಾಡಿಕೊಂಡ ಮೇಲೇ 2023ರಲ್ಲಿ ಹೊರಟಿದ್ದು. ಹೋಗಿದ್ದು ದೊಡ್ಡ ಹೆಸರಿಗಲ್ಲ, ಬೆಲ್ಜಿಯಂನ ವೆಸ್ಟರ್ಲೊಗೆ. ಅಲ್ಲಿ ವಾರ ವಾರ ಆಡಿದ, 2025ರಲ್ಲಿ ನೆದರ್ಲೆಂಡ್ಸಿನ ದೊಡ್ಡ ಕ್ಲಬ್ ಫೆಯೆನೂರ್ಡ್ ಕರೆಯಿತು. ಬಾಸ್ ಹೊರಟ 2023ರಲ್ಲೇ ಮೆಲ್ಬರ್ನ್ ಸಿಟಿಯಿಂದ ಮಾರ್ಕೊ ಟಿಲಿಯೊ ಸೆಲ್ಟಿಕ್‌ಗೆ ಹೋದ. ಆಡಲು ಸಿಗಲಿಲ್ಲ. ಅರ್ಧ ವರ್ಷಕ್ಕೇ ಲೋನ್ ಮೇಲೆ ಮೆಲ್ಬರ್ನ್‌ಗೆ ವಾಪಸ್. ಇಬ್ಬರೂ ಒಂದೇ ತಂಡದಲ್ಲಿ ಆಡಿದವರು, ಪ್ರತಿಭೆಯಲ್ಲಿ ಯಾರೂ ಕಮ್ಮಿ ಇಲ್ಲ. ಸೇರಿದ ಕ್ಲಬ್ಬಿನ ಗಾತ್ರದಿಂದಲೇ ಇಷ್ಟು ವ್ಯತ್ಯಾಸ ಆಯಿತು ಅನ್ನುವುದು ನನ್ನ ಲೆಕ್ಕ. ಮಗನಿಗೆ ದೊಡ್ಡ ಕ್ಲಬ್ಬಿನ ಜರ್ಸಿ ತೋರಿಸಿ ಸಹಿ ಹಾಕಿಸುವ ಏಜೆಂಟರನ್ನು ಕಂಡರೆ ತಂದೆತಾಯಿ ಎದ್ದು ಬರಬೇಕು ಅಂತಲೇ ನಾನು ಹೇಳುವುದು.

ಇರಾಂಕುಂಡನ ವಿಷಯಕ್ಕೆ ಬರೋಣ. ಬುರುಂಡಿಯಿಂದ ಓಡಿ ಬಂದ ತಂದೆತಾಯಿಗೆ ಟಾಂಜಾನಿಯಾದ ಶಿಬಿರದಲ್ಲಿ ಹುಟ್ಟಿದ ಮಗು, ಅಡಿಲೇಡ್‌ನಲ್ಲಿ ಬೆಳೆದು, 18 ತುಂಬುವ ಮುಂಚೆಯೇ ಜರ್ಮನಿಯ ದೊಡ್ಡ ಕ್ಲಬ್ ಬಯರ್ನ್ ಮ್ಯೂನಿಕ್ ಜೊತೆ ಒಪ್ಪಂದ ಮಾಡಿಕೊಂಡಿದ್ದು ಸಣ್ಣ ಮಾತಲ್ಲ. ಅದನ್ನು ಸಂಭ್ರಮಿಸಿದ್ದಕ್ಕೆ ನಮಗೆ ಬೇಜಾರಿಲ್ಲ. ಆದರೆ ಬಯರ್ನ್‌ನ ಮುಖ್ಯ ತಂಡಕ್ಕೆ ಅವನು ಒಂದೂ ಅಧಿಕೃತ ಪಂದ್ಯ ಆಡಲಿಲ್ಲ. ಸ್ವಿಟ್ಜರ್ಲೆಂಡಿನ ಗ್ರಾಸ್‌ಹಾಪರ್‌ಗೆ ಲೋನ್ ಹೋದ, 2025ರಲ್ಲಿ ಇಂಗ್ಲೆಂಡಿನ ಎರಡನೇ ಹಂತದ ವಾಟ್ಫರ್ಡ್ ಸೇರಿದ. ಅದನ್ನು ಕೆಳಗಿಳಿದದ್ದು ಅಂತ ನಾನು ಹೇಳಲಾರೆ. ಆಡಲು ಹೋಗಿದ್ದಾನೆ, ಒಳ್ಳೆಯದೇ ಆಯಿತು.

ನಿಮ್ಮ 23ರ ನಿಯಮದ ಬಗ್ಗೆ ಒಂದು ಮಾತು. ಕೆಲವು ವಿನಾಯಿತಿ ಬಿಟ್ಟರೆ 18 ತುಂಬದವರು ದೇಶ ಬಿಟ್ಟು ಕ್ಲಬ್ ಬದಲಿಸುವಂತಿಲ್ಲ ಅಂತ ಫಿಫಾ ನಿಯಮ ಈಗಲೇ ಇದೆ. ಇನ್ನೂ ಐದು ವರ್ಷ ಹಿಡಿದಿಟ್ಟರೆ ಏನಾಗುತ್ತೆ? ಹುಡುಗ ಒಪ್ಪಂದ ಮುಗಿಸಿಕೊಂಡು ಬಿಟ್ಟಿಯಾಗಿ ಹೋಗುತ್ತಾನೆ, ಕ್ಲಬ್ಬಿಗೆ ಬಿಡಿಗಾಸೂ ಇಲ್ಲ. ಈಗ ಹಾಗಲ್ಲ. ಹಣ ಕೊಟ್ಟು ವಿದೇಶಕ್ಕೆ ಕೊಂಡಾಗ ಅದರ 5 ಪ್ರತಿಶತ, 12ರಿಂದ 23 ವಯಸ್ಸಿನ ತನಕ ಅವನನ್ನು ತರಬೇತು ಮಾಡಿದ ಕ್ಲಬ್ಬುಗಳಿಗೆ ಹಂಚಿಹೋಗುತ್ತದೆ. ಬೆಳಗ್ಗೆ ಶೆಡ್ ಬಾಗಿಲು ತೆಗೆದು ಕೋನ್ ಜೋಡಿಸುವ ಬಡಾವಣೆಯ ಕ್ಲಬ್ಬಿಗೂ ಅದರಲ್ಲಿ ಪಾಲಿದೆ. ಅದನ್ನು ಕೆಡಿಸುವುದು ಬೇಡ.

ಕೆಡಿಸಿದ್ದು ಬೇರೆ ಇದೆ, ಸಿಟ್ಟಾಗುವುದಿದ್ದರೆ ಅದಕ್ಕೆ ಆಗೋಣ. 1981ರಲ್ಲಿ ಕ್ಯಾನ್‌ಬೆರಾದಲ್ಲಿ ಶುರುವಾದ ಆಸ್ಟ್ರೇಲಿಯನ್ ಕ್ರೀಡಾ ಸಂಸ್ಥೆಯ ಫುಟ್‌ಬಾಲ್ ತರಬೇತಿ 2017ರಲ್ಲಿ ಮುಚ್ಚಿತು. ಮುಂದೆ ದೇಶದ ನಾಯಕನಾದ ಮಾರ್ಕ್ ವಿಡುಕಾ ಅಲ್ಲಿಂದಲೇ ಬಂದವನು. ರಾಷ್ಟ್ರೀಯ ಯೂತ್ ಲೀಗ್ ಕೂಡ ನಿಂತಿತು. ಎ-ಲೀಗ್ ಸೀಸನ್ ಅಂದರೆ ಪ್ಲೇಆಫ್ ಬಿಟ್ಟು 26 ಪಂದ್ಯ ಅಷ್ಟೇ. ಬೆಂಚಿನ ಮೇಲಿರುವ ಹದಿನೇಳರ ಹುಡುಗನಿಗೆ ಅದರಲ್ಲಿ ಎಷ್ಟು ಸಿಕ್ಕೀತು ನೀವೇ ಹೇಳಿ. ಮೇಲಾಗಿ ಅಲ್ಲಿ ಒಳ್ಳೆಯ ಯೂತ್ ತಂಡದಲ್ಲಿ ಮಗನನ್ನು ಆಡಿಸಲು ಮನೆಯವರೇ ವರ್ಷಕ್ಕೆ ಸಾವಿರಾರು ಡಾಲರ್ ಫೀಸು ಕಟ್ಟಬೇಕು. ನಿರಾಶ್ರಿತರ ಮನೆಯ ಹುಡುಗ ಅದನ್ನು ದಾಟಿ ಬರುವುದೇ ದೊಡ್ಡದು.

ಹೋದವರು ಬರಿಗೈಯಲ್ಲಿ ವಾಪಸ್ ಬರುವುದಿಲ್ಲ ಅನ್ನುವುದನ್ನೂ ನೋಡಿ. ಮ್ಯಾಥ್ಯೂ ಲೆಕಿ 2011ರಲ್ಲಿ ಅಡಿಲೇಡ್ ಬಿಟ್ಟು ಜರ್ಮನಿಯಲ್ಲಿ ಹತ್ತು ವರ್ಷ ಆಡಿ ಮೆಲ್ಬರ್ನ್ ಸಿಟಿಗೆ ಬಂದ. ಬಂದವನು ಬಾಸ್‌ನಂಥ ಹುಡುಗರ ಜೊತೆ ದಿನಾ ಅಭ್ಯಾಸ ಮಾಡಿದ, 2022ರಲ್ಲಿ ಡೆನ್ಮಾರ್ಕ್ ವಿರುದ್ಧ ಗೋಲು ಹೊಡೆದು ದೇಶವನ್ನು ನಾಕ್‌ಔಟಿಗೆ ದಾಟಿಸಿದ.

ಕೊನೆಗೆ ನೀವು ಕೇಳಿದ್ದೀರಿ, ನಮಗೂ ಇದಕ್ಕೂ ಏನು ಸಂಬಂಧ ಅಂತ. ಕಂಠೀರವಕ್ಕೆ ಹೋದಾಗ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಟ ನೋಡಿ. ಪರ್ತ್‌ನಲ್ಲಿ ಹುಟ್ಟಿ, ಹದಿಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಒಂದಾದ ಮೇಲೊಂದು ಕ್ಲಬ್ ಸುತ್ತಿ, ಪರ್ತ್‌ಗೆ ಮರಳಿ, 2023ರಲ್ಲಿ ಇಲ್ಲಿಗೆ ಬಂದವನು. ತಾಯಿಯ ಕಡೆಯಿಂದ ಮುಂಬೈ ನಂಟು, 2025ರಲ್ಲಿ ಭಾರತದ ಪೌರತ್ವವನ್ನೂ ಪಡೆದ. ನಿಮ್ಮ ಶಾಲೆಯ ಹುಡುಗರನ್ನು ಕರೆದುಕೊಂಡು ಬರುವುದಾದರೆ ಮುಂಚೆ ಒಂದು ಸಾಲು ಬರೆಯಿರಿ. ಟಿಕೆಟ್ ವ್ಯವಸ್ಥೆಗೆ ನಮ್ಮ ಕೈಲಾದಷ್ಟು ನೋಡುತ್ತೇವೆ.

— ಸಂಪಾದಕ